ಎಡಗಡೆಯವರು

ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಬೆಳಗಾಗೆದ್ದು ವಿಚಾರಿಸುವ ಪದ್ಧತಿ ನಮ್ಮಲ್ಲಿ ಯಾರಿಗೂ ಇಲ್ಲ. ಆ ವಿಚಾರಣೆಯನ್ನು ಕಿವಿಯ ಒಳಗಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳು ವಹಿಸಿಕೊಂಡಿವೆ. ತಲೆ ಎತ್ತ ವಾಲಿದರೆ ಅವು ಅತ್ತ ಜಾರುತ್ತವೆ, ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮನುಷ್ಯ ಬೀಳದೆ ನಿಲ್ಲುತ್ತಾನೆ. ಪುಕ್ಕಟೆ ಸಿಗುವ ಸೇವೆ, ಹಾಗಾಗಿ ಅದರ ಬೆಲೆ ಯಾರಿಗೂ ತಿಳಿದಿರಲಿಲ್ಲ. ಆ ವರ್ಷ ಹುಬ್ಬಳ್ಳಿಗೆ ಬಂದ ಜ್ವರ ಓಣಿಗೆ ಓಣಿಯನ್ನೇ ಮಲಗಿಸಿ ಹೋದಮೇಲೆ ತಿಳಿಯಿತು. ಜ್ವರ ಇಳಿಯಿತು, ಹಸಿವು ಮರಳಿತು, ಕಿವಿಯೂ ಮೊದಲಿನಂತೆ ಕೇಳಿಸುತ್ತಿತ್ತು. ಆದರೆ ಹಾಸಿಗೆಯಿಂದ ಎದ್ದವರು ಎದ್ದಲ್ಲೇ ಕುಸಿದರು. ಹರಳುಗಳು ಕರಗಿಹೋಗಿದ್ದವು.

ಹಾಗೆ ಕುಸಿದವರಲ್ಲಿ ಫಕ್ಕೀರೇಶನೂ ಒಬ್ಬ. ಅವನು ಲೈನ್‌ಮನ್. ಬಿರುಗಾಳಿಯಲ್ಲೂ ಕರೆಂಟಿನ ಕಂಬದ ತುದಿಗೆ ಹತ್ತಿ, ಕೆಳಗಿದ್ದವರಿಗೆ ಚಹಾ ಹೇಳಿ ಎಂದು ಕೂಗುತ್ತಿದ್ದ ಆಸಾಮಿ ಈಗ ಬಚ್ಚಲಿಗೆ ಹೋಗಲು ಅಂಬೆಗಾಲಿಡುತ್ತಿದ್ದ. ಅವನ ಹೆಂಡತಿ ನೀಲಾಂಬಿಕಾ, ಎಲ್ಲರಿಗೂ ನೀಲಾ, ಫಿಸಿಯೊಥೆರಪಿಸ್ಟ್. ತಲೆಸುತ್ತಿನವರಿಗೆ, ಮೈಯ ತೋಲ ತಪ್ಪಿದವರಿಗೆ ವ್ಯಾಯಾಮ ಹೇಳಿಕೊಡುವ ಕೇಂದ್ರದಲ್ಲೇ ಅವಳ ನೌಕರಿ. ದೀಪದ ಬುಡಕ್ಕೇ ಕತ್ತಲು ಎಂದು ಓಣಿಯವರು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಬ್ಬೆರಳ ಉಗುರಿನ ಮೇಲೆ ಕಣ್ಣು ನೆಟ್ಟು ತಲೆಯನ್ನಷ್ಟೇ ಆಚೀಚೆ ಆಡಿಸುವುದು, ಮೆತ್ತನೆಯ ಫೋಮಿನ ಮೇಲೆ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸುತ್ತ ಒಂದೇ ಗೆರೆಯಲ್ಲಿ ನಡೆಯುವುದು, ಎಲ್ಲವನ್ನೂ ಗಂಡನಿಗೆ ಮಾಡಿಸಿದಳು. ಕಣ್ಣು ತೆರೆದಿದ್ದಾಗ ಅವನು ಹೇಗೋ ನಿಲ್ಲುತ್ತಿದ್ದ, ಮುಚ್ಚಿದರೆ ಗೋಣಿಚೀಲದ ಹಾಗೆ ಉರುಳುತ್ತಿದ್ದ.

ಆಗ ಬಂದದ್ದು ಕಿವಿಪಟ್ಟಿ. ಕೇಂದ್ರದ ಎಂಜಿನಿಯರ್ ಇಮ್ತಿಯಾಜ್ ನದಾಫ್ ಕಟ್ಟಿದ ಸಾಧನ. ಕಿವಿಯ ಹಿಂದೆ ಅಂಟಿಕೊಂಡು ಕೂರುವ ಆ ಪಟ್ಟಿ ತಲೆಯ ವಾಲಾಟವನ್ನು ಅಳೆದು, ಹರಳುಗಳ ಬದಲು ತಾನೇ ನರಕ್ಕೆ ಮಿಡಿತ ಕೊಡುತ್ತಿತ್ತು. ಒಂದೊಂದೇ ಪಟ್ಟಿಗೆ ನೆಟ್ಟಗೆ ಎಂದರೆ ಯಾವುದೆಂದು ಖಚಿತವಾಗಿ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಇಮ್ತಿಯಾಜ್ ಎಲ್ಲ ಪಟ್ಟಿಗಳನ್ನೂ ಒಂದಕ್ಕೊಂದು ಹೆಣೆದ. ಎಲ್ಲರ ಅನುಭವ ಕೂಡಿ ಒಂದೇ ನೇರಗೆರೆ ಆಗುತ್ತಿತ್ತು, ಆ ಗೆರೆ ಮತ್ತೆ ಎಲ್ಲರ ಕಿವಿಗೂ ಹೋಗುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ನೆಟ್ಟಗೆರೆ. ಯಾರು ಕಡಿಮೆ ತೂರಾಡುತ್ತಾರೋ ಅವರಿಂದ ಅದು ಹೆಚ್ಚು ಕಲಿಯಬೇಕು ಎಂಬುದು ಅವನ ಲೆಕ್ಕಾಚಾರ. ನಡೆಯಲು ಬರುವವನಿಂದಲೇ ನಡಿಗೆ ಕಲಿಯಬೇಕಲ್ಲವೇ, ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ.

ಗೆರೆಗೆ ಕಲಿಸುವುದಕ್ಕೆ ಒಂದು ಕುರ್ಚಿ. ರೋಗಿಯನ್ನು ಕೂರಿಸಿ, ಕಣ್ಣು ಕಟ್ಟಿ, ಕುರ್ಚಿಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ವಾಲಿಸುತ್ತ ಅದು ಕೇಳುತ್ತಿತ್ತು: ‘ನೆಟ್ಟಗಿದ್ದೀರಾ?’ ಆ ಪ್ರಶ್ನೆಯ ಧ್ವನಿ ನೀಲಾಳದೇ, ಪದವೂ ಅವಳೇ ಆರಿಸಿದ್ದು. ಹೂಂ ಎಂದರೆ ಯಂತ್ರ ಆ ವಾಲನ್ನು ಗುರುತಿಟ್ಟುಕೊಳ್ಳುತ್ತಿತ್ತು.

ಚಿಕಿತ್ಸೆ ಫಲಿಸಿತು. ಫಕ್ಕೀರೇಶ ಎದ್ದು ನಿಂತ, ನಡೆದ, ಒಂದು ದಿನ ಕಣ್ಣು ಮುಚ್ಚಿಕೊಂಡೇ ಅಂಗಳ ದಾಟಿದ. ನೀಲಾ ಅಡುಗೆಮನೆಗೆ ಓಡಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಬಂದು, ಅಷ್ಟಕ್ಕೇ ಬೀಗಬೇಡಿ, ನಾಳೆ ಮೆಟ್ಟಿಲು ಹತ್ತಬೇಕು ಎಂದು ಗದರಿದಳು.

ವಿಚಿತ್ರ ಶುರುವಾದದ್ದು ಆಮೇಲೆ. ಬಾಗಿಲು ದಾಟುವಾಗ ಫಕ್ಕೀರೇಶ ಒಂದು ಮಗ್ಗುಲಾಗಿ ಸರಿಯುತ್ತಿದ್ದ. ಇನ್ನೊಬ್ಬರು ಜೊತೆಗೇ ದಾಟಲಿ ಎಂದು ಜಾಗ ಬಿಡುವ ಹಾಗೆ. ಆಟೋದಲ್ಲಿ ಬಲತುದಿಗೆ ಒತ್ತಿಕೊಂಡು ಕೂತು ಎಡಬದಿಯನ್ನು ಖಾಲಿ ಬಿಡುತ್ತಿದ್ದ. ರಸ್ತೆಯಲ್ಲಿ ಗಟಾರ ಬಂದರೆ ನಿಲ್ಲುತ್ತಿದ್ದ, ಕಾಯುತ್ತಿದ್ದ, ಆಮೇಲೆ ಕಾಲಿಡುತ್ತಿದ್ದ. ಇರಲಿ, ಬಿದ್ದವನಿಗೆ ಭಯ ಇರುತ್ತದೆ ಎಂದು ನೀಲಾ ಸುಮ್ಮನಿದ್ದಳು. ಒಂದು ಮಧ್ಯಾಹ್ನ ಅವನು ಮಾಳಿಗೆಯಿಂದ ಒಣಗಿದ ಬಟ್ಟೆ ತರುತ್ತಿದ್ದ. ಅವಳು ಕೆಳಗೆ ಕೊತ್ತಂಬರಿ ಸೋಸುತ್ತಿದ್ದಳು. ಪ್ರತಿ ಮೆಟ್ಟಿಲಿಗೂ ಅವನು ತುಟಿಯೊಳಗೇ ಏನೋ ಹೇಳುತ್ತಿದ್ದ. ಕಿವಿಗೊಟ್ಟಳು.

‘ಮೆಟ್ಲ ಐತ್ರಿ.’ ಇನ್ನೊಂದು ಹೆಜ್ಜೆ. ‘ಮೆಟ್ಲ ಐತ್ರಿ.’

ಯಾರ ಕೂಡ ಮಾತಾಡುತ್ತೀರಿ ಎಂದು ಕೇಳಿದಳು. ಫಕ್ಕೀರೇಶ ಬೆಪ್ಪಾಗಿ ನಿಂತ. ತಾನು ಮಾತಾಡಿದ್ದೇ ಅವನಿಗೆ ಗೊತ್ತಿರಲಿಲ್ಲ.

ಮರುದಿನ ಕೇಂದ್ರದ ವ್ಯಾಯಾಮದ ಹಾಲಿನಲ್ಲಿ ಅವಳು ಬೇರೆ ಕಣ್ಣಿಂದ ನೋಡಿದಳು. ಕಿರಾಣಿ ಅಂಗಡಿಯ ಶೆಟ್ಟರು, ಕಾಲೇಜಿನ ಹುಡುಗಿ, ನಿವೃತ್ತ ಮಾಸ್ತರು, ಎಲ್ಲರೂ ಬಾಗಿಲಲ್ಲಿ ಮಗ್ಗುಲಾಗಿ ಸರಿದೇ ಒಳಬಂದರು. ಬೆಂಚಿನ ಮೇಲೆ ಒಬ್ಬೊಬ್ಬರೂ ಎಡಗಡೆಗೆ ಒಂದಾಳಿನ ಜಾಗ ಬಿಟ್ಟು ಕೂತಿದ್ದರು. ಯಾರ ಮುಖದಲ್ಲೂ ಅಂಜಿಕೆಯಿಲ್ಲ. ಮನೆಗೆ ಬಂದ ಬೀಗರಿಗೆ ಜಾಗ ಮಾಡಿಕೊಡುವವರ ಹಾಗೆ ಸಹಜವಾಗಿದ್ದರು. ಒಳಗೆ ಬಂದವರ ಲೆಕ್ಕಕ್ಕಿಂತ ಹಾಲು ಎರಡು ಪಟ್ಟು ತುಂಬಿದೆ ಅನ್ನಿಸಿ ನೀಲಾಳ ಬೆನ್ನ ಮೇಲೆ ಮುಳ್ಳು ಎದ್ದವು.

ಕಂಟ್ರೋಲ್ ರೂಮಿನಲ್ಲಿ ಇಮ್ತಿಯಾಜ್ ಪರದೆ ತೋರಿಸಿದ. ನೆಟ್ಟಗೆರೆ ನೆಟ್ಟಗಿರಲಿಲ್ಲ. ಬಲಕ್ಕೆ ವಾಲಿತ್ತು. ವಾಲಿದವರಿಂದ ವಾಲುವುದನ್ನೇ ಕಲಿತು, ಅದನ್ನೇ ಮತ್ತೆ ಅವರಿಗೆ ಕಲಿಸುತ್ತ, ದಿನದಿನಕ್ಕೆ ಇನ್ನಷ್ಟು ವಾಲುತ್ತಿತ್ತು. ಹೀಗೇ ಬಿಟ್ಟರೆ ಒಂದು ದಿನ ಎಲ್ಲರೂ ಒಟ್ಟಿಗೇ ನೆಲ ಕಚ್ಚುತ್ತಾರೆ. ಪಟ್ಟಿ ಬಿಚ್ಚಿದರೆ ಮತ್ತೆ ಅಂಬೆಗಾಲು. ಅವನಿಗೆ ಇದೊಂದು ಸಣ್ಣ ದೋಷವಾಗಿ ಕಂಡಿತು. ಗೆರೆಯನ್ನು ಈಗಲೇ ಎಳೆದು ನೆಟ್ಟಗೆ ನಿಲ್ಲಿಸುತ್ತೇನೆ, ಕುತ್ತಿಗೆಯ ನೆಟಿಗೆ ಮುರಿದಷ್ಟು ಸಹ ಗೊತ್ತಾಗುವುದಿಲ್ಲ ಎಂದು ಧೈರ್ಯ ಹೇಳಿ ಗುಂಡಿ ಒತ್ತಿದ.

ಗಾಜಿನಾಚೆ ಹಾಲಿನಲ್ಲಿದ್ದವರೆಲ್ಲ ಒಂದೇ ಗಳಿಗೆಗೆ ‘ಅಯ್ಯೋ’ ಎಂದರು. ಎಲ್ಲರ ಎಡಗೈಯೂ ಒಟ್ಟಿಗೇ ಚಾಚಿ ಗಾಳಿಯನ್ನು ಬಾಚಿತು, ಪಕ್ಕದಲ್ಲಿ ಯಾರೋ ಬಿದ್ದರೆ ಹಿಡಿಯಲು ಹೋಗುವ ಹಾಗೆ. ಹಿಡಿಯಲು ಹೋದವರು ತಾವೇ ಬಿದ್ದರು. ಶೆಟ್ಟರ ಹಣೆ ಒಡೆಯಿತು. ಕಾಲೇಜಿನ ಹುಡುಗಿ ನೆಲದ ಮೇಲೆ ಕೂತು ಖಾಲಿ ಜಾಗವನ್ನು ಸವರುತ್ತ, ಪೆಟ್ಟಾಯ್ತಾ, ಪೆಟ್ಟಾಯ್ತಾ ಎಂದು ಕೇಳುತ್ತಿದ್ದಳು.

ಇಮ್ತಿಯಾಜ್ ಗೆರೆಯನ್ನು ಹಿಂದಿನಂತೆಯೇ ವಾಲಿಸಿಟ್ಟ. ಹಾಲು ಶಾಂತವಾಯಿತು. ಎಡಗಡೆಯಲ್ಲಿ ಭಾರ ಇದೆ ಎಂದು ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತಿದೆ, ಬರೀ ಭಾರ ಎಂಬುದನ್ನು ಮಿದುಳು ನಂಬುವುದಿಲ್ಲ, ಭಾರ ಇದ್ದಲ್ಲಿ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸುತ್ತದೆ ಎಂದು ಅವನು ವಿವರಿಸಿದ. ಇದು ಹೊಸದಲ್ಲ, ತೋಲ ನೋಡಿಕೊಳ್ಳುವ ಮಿದುಳಿನ ಭಾಗವನ್ನು ಕೆಣಕಿದರೆ ಬಗಲಲ್ಲಿ ಯಾರೋ ಇದ್ದಂತೆ ಅನ್ನಿಸುವುದುಂಟು ಎಂದ. ಹಾಗಾದರೆ ಮೆಟ್ಟಿಲಲ್ಲಿ ಎಚ್ಚರಿಸುವ ಮಾತು ಎಲ್ಲಿಂದ ಬಂತು ಎಂದು ಅವಳು ಕೇಳಿದ್ದಕ್ಕೆ ಅವನು ಗೆರೆಯ ದಾಖಲೆಯನ್ನು ಮತ್ತೆ ಮೊದಲಿನಿಂದ ತೆರೆದ.

ಕಂಬ ಹತ್ತುವುದು ಬೇಡ ಎಂದು ಅವಳು ಗಂಡನಿಗೆ ಹೇಳಿದಳು. ಹೇಳಿದರೆ ಕೇಳಬೇಕಲ್ಲ. ನೌಕರಿಗೆ ಮರಳಲು ಕಂಬ ಹತ್ತಿ ತೋರಿಸುವ ಪರೀಕ್ಷೆ ಹತ್ತಿರ ಬಂದಿತ್ತು. ಹೆಂಡತಿ ತಂದು ಹಾಕಿದ್ದನ್ನು ಉಂಡು ಮನೆ ಕಾಯುವುದು ಅವನಿಗೆ ಸಾಕುಸಾಕಾಗಿತ್ತು. ಅವಳಿಗೆ ಹೇಳದೆ ತರಬೇತಿ ಮೈದಾನಕ್ಕೆ ಹೋಗಿ ಹತ್ತಿಯೇಬಿಟ್ಟ. ಸುದ್ದಿ ಬಂದು ನೀಲಾ ಓಡಿದಾಗ ಅವನು ಕಂಬದ ತುದಿಯಲ್ಲಿದ್ದ. ಬಲಗೈ ಕಂಬವನ್ನು ತಬ್ಬಿತ್ತು. ಎಡಗೈ ಬಯಲಿಗೆ ಚಾಚಿ, ಮುಷ್ಟಿ ಬಿಗಿದು, ಕಾಣದ ಏನನ್ನೋ ಹಿಡಿದು ಜಗ್ಗುತ್ತಿತ್ತು. ಸೊಂಟದ ಬೆಲ್ಟನ್ನು ಅವನೇ ಬಿಚ್ಚಿದ್ದ. ಅದರ ಕುಣಿಕೆಯೂ ಅದೇ ಎಡಮುಷ್ಟಿಯಲ್ಲಿತ್ತು, ಯಾರಿಗೋ ತೊಡಿಸಲು ಹೊರಟವನ ಹಾಗೆ.

ಮುಷ್ಟಿ ಬಿಟ್ಟು ಕಂಬ ಹಿಡಿ ಎಂದು ಕೆಳಗಿದ್ದವರು ಕೂಗುತ್ತಿದ್ದರು.

‘ನಾ ಕೈ ಬಿಟ್ರ ಅವರು ಬೀಳ್ತಾರ’ ಅಂದ ಫಕ್ಕೀರೇಶ. ಅವನ ದನಿ ಅಳುವ ಹತ್ತಿರಕ್ಕೆ ಬಂದಿತ್ತು.

ಅಲ್ಲಿ ಯಾರೂ ಇಲ್ಲ ಎಂದು ಹೇಳುವ ಮಾತು ನೀಲಾಳ ಬಾಯಿತುದಿಗೆ ಬಂದಿತ್ತು. ಹಾಲಿನಲ್ಲಿ ಬಿದ್ದವರು ಕಣ್ಣ ಮುಂದೆ ಬಂದರು. ಅವಳು ಅದನ್ನು ನುಂಗಿಕೊಂಡಳು.

‘ಬಿಡಬ್ಯಾಡ್ರಿ. ಅವರನ್ನೂ ಕರ್ಕೊಂಡ ಇಳೀರಿ. ನಿಧಾನಕ್ಕ’ ಅಂದಳು.

ಅವನು ಇಳಿದ. ಒಂದೇ ಕೈಯಲ್ಲಿ, ಒಂದೊಂದು ಕಬ್ಬಿಣದ ಮೆಟ್ಟಿಲಿಗೂ ನಿಂತು, ಎಡಗಡೆಗೆ ಹೇಳಿ, ಕಾದು, ಇಳಿದ. ನೆಲ ಮುಟ್ಟಿದ ಮೇಲೆ ಅವನು ಮೊದಲು ಎಡಗಡೆಗೆ ತಿರುಗಿ ನೋಡಿ, ಆಮೇಲೆ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟ. ಬರುವ ಸೋಮವಾರ ಪರೀಕ್ಷೆಗೆ ಬಾ, ಅದೇ ಕಡೆಯ ಅವಕಾಶ ಎಂದು ಮೇಲಧಿಕಾರಿಗಳು ಹೇಳಿ ಕಳಿಸಿದರು. ಅವನು ಆಗಲಿ ಎಂದ. ಹೋಗಿಯೇ ಹೋಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹೋದರೆ ಈ ಸಲ ಜೀವಂತ ಇಳಿಯುವುದಿಲ್ಲ ಎಂಬುದೂ ಗೊತ್ತಿತ್ತು.

ಮನೆಗೆ ಬರುವಾಗ ದಾರಿಯಲ್ಲಿ ನಳಕ್ಕೆ ನೀರು ಬಂದಿತ್ತು. ನೀರು ಬಂದ ದಿನ ಹುಬ್ಬಳ್ಳಿಯ ಓಣಿ ಮದುವೆಮನೆ ಇದ್ದಂತೆ. ಒಬ್ಬಾಕೆ ತುಂಬಿದ ಕೊಡವನ್ನು ಎಡಸೊಂಟಕ್ಕೇರಿಸಿ, ಬಲಕ್ಕೆ ವಾಲಿ ನಡೆದು ಹೋದಳು. ನೀಲಾ ನಿಂತುಬಿಟ್ಟಳು. ತನ್ನ ರೋಗಿಗಳು ವಾಲುತ್ತಿಲ್ಲ, ಹೊತ್ತಿದ್ದಾರೆ. ಎಡಗಡೆ ಯಾರದೋ ಭಾರ ಹೊತ್ತು ನಡೆದು ರೂಢಿಯಾದ ಒಂದು ಮೈಯಿಂದ ಯಂತ್ರ ನೇರವನ್ನು ಕಲಿತುಬಿಟ್ಟಿದೆ. ಅವಳ ತಲೆಯಲ್ಲಿ ಇನ್ನೊಂದು ಮಾತು ಕೊರೆಯುತ್ತಿತ್ತು. ಫಕ್ಕೀರೇಶನ ಬಾಯಲ್ಲಿ ‘ಅವರು’ ಎಂಬ ಮಾತೇ ಬರುವುದಿಲ್ಲ. ಬೆನ್ನ ಹಿಂದೆ ಸೆಕ್ಷನ್ ಆಫೀಸರನ್ನೂ ಅವನು ‘ಅಂವ’ ಅನ್ನುವ ಪೈಕಿ. ಹೆಸರು ಹೇಳದೆ, ಬರೀ ‘ಅವರು’ ಅಂದು, ಮೆಟ್ಟಿಲಿಗೂ ‘ರೀ’ ಹಚ್ಚಿ ಮಾತಾಡುವವರು ಯಾರು? ಹೆಂಡತಿ.

ಕೇಂದ್ರದಲ್ಲಿ ಎಲ್ಲರಿಗಿಂತ ಕಡಿಮೆ ತೂರಾಡುವವಳು, ಹಾಗಾಗಿ ಗೆರೆಗೆ ಎಲ್ಲರಿಗಿಂತ ಹೆಚ್ಚು ಕಲಿಸಿದವಳು, ಕಲ್ಲವ್ವ. ಮೊದಲ ದಿನಗಳಿಂದ ಬರುತ್ತಿದ್ದ ಮುದುಕಿ. ಪಟ್ಟಿ ಹಾಕಿದಮೇಲೆ ಫೋಮಿನ ಮೇಲೆ ನಿಲ್ಲಿಸಿದರೂ ಬಂಡೆಯ ಹಾಗೆ ನಿಲ್ಲುತ್ತಿದ್ದಳು. ಅದಕ್ಕೂ ಮುಂಚೆ ಮನೆಯಲ್ಲಿ ದಿನಾ ಬೀಳುತ್ತೇನೆ ಅನ್ನುತ್ತಿದ್ದಳು. ನೀಲಾ ಹಳೇ ಹುಬ್ಬಳ್ಳಿಯಲ್ಲಿದ್ದ ಅವಳ ಮನೆ ಹುಡುಕಿಕೊಂಡು ಹೋದಳು. ಒಂದೇ ಖೋಲಿಯ ಮನೆ. ಅರ್ಧ ಹೆಣೆದ ಬೆತ್ತದ ಕುರ್ಚಿಯೊಂದು ಮೂಲೆಯಲ್ಲಿತ್ತು. ಕಲ್ಲವ್ವ ಅವಲಕ್ಕಿ ಹಚ್ಚಿ ಕೊಟ್ಟಳು, ಗಂಡ ಹೇಗಿದ್ದಾನೆ ಎಂದು ವಿಚಾರಿಸಿದಳು. ನಿಮ್ಮ ಮನೆಯವರ ಬಗ್ಗೆ ಕೇಳಲಿಕ್ಕೆ ಬಂದೆ ಎಂದು ನೀಲಾ ಮೆಲ್ಲಗೆ ಮಾತು ತೆಗೆದಳು.

ಮುದುಕಿಯ ಮುಖ ಅರಳಿತು. ಗಂಡನಿಗೆ ಹುಟ್ಟಿದಾಗಿಂದ ಕಣ್ಣಿರಲಿಲ್ಲ. ಭಾರೀ ಆಳು. ಕೈಬೆರಳಲ್ಲಿ ಮಾತ್ರ ಸರಸ್ವತಿ. ಊರ ಆಫೀಸುಗಳ ಬೆತ್ತದ ಕುರ್ಚಿಗಳಿಗೆಲ್ಲ ಅವನದೇ ಹೆಣಿಗೆ. ಮದುವೆಯಾದಂದಿನಿಂದ ಸಾಯುವ ತನಕ ಅವನ ಬಲಗೈ ಇವಳ ಎಡಹೆಗಲ ಮೇಲೆ. ಕೋರ್ಟಿನ ಮೆಟ್ಟಿಲು, ಸ್ಟೇಶನ್ನಿನ ಸೇತುವೆ, ಎಲ್ಲ ಕಡೆಗೂ ಹಾಗೇ ನಡೆದದ್ದು. ಇವಳ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಅವನು ಹಿಂದೆಯೇ ಎದ್ದು ಬರುತ್ತಿದ್ದ. ಹೇಳುತ್ತ ಅವಳು ಎಡಹೆಗಲು ಮುಟ್ಟಿ ತೋರಿಸಿದಳು. ಅದು ಬಲದ್ದಕ್ಕಿಂತ ಕೆಳಗೆ ಇಳಿದಿತ್ತು. ಅವನು ಹೋದಮೇಲೆಯೇ ಬೀಳುವುದು ಶುರುವಾಯಿತಂತೆ. ಹೆಗಲು ಹಗುರಾದದ್ದೇ ತಡ, ಕಾಲಿಗೆ ನೆಲ ಸಿಗದಾಯಿತು. ಜ್ವರ ಆಮೇಲೆ ಬಂದದ್ದು.

ಕೇಂದ್ರದ ಕುರ್ಚಿ ಕೇಳಿದಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ನೀಲಾ ಕೇಳಿದಳು.

‘ನೆಟ್ಟಗದೀಯೇನಬೇ ಅಂತ ಅಷ್ಟ ಕಳಕಳಿಯಿಂದ ಕೇಳಿದ್ರ, ಇಲ್ಲ ಅಂತ ಹೆಂಗ ಅನ್ನೂದವ್ವಾ? ಅದೂ ನಿನ್ನ ದನಿಯಾಗ. ನೆಟ್ಟಗದೀನಿ ಅಂದೆ. ಸುಳ್ಳೂ ಅಲ್ಲದು. ಕುರ್ಚಿ ಒಂದ್ ಕಡೆ ವಾಲಿದಾಗ ಅವರು ಬಾಜೂಕ ಬಂದಂಗಾತು. ಅವರಿದ್ರ ನಾ ನೆಟ್ಟಗ ಇರ್ತೀನಿ.’

ನೀಲಾ ಹಣೆಗೆ ಕೈಹಚ್ಚಿದಳು. ಮೈಯಲ್ಲಿ ಹುಷಾರಿಲ್ಲದಾಗ ನೆಟ್ಟಗಿಲ್ಲ ಅನ್ನುವ ಊರಿನಲ್ಲಿ ಹುಟ್ಟಿ ಬೆಳೆದೂ, ತಾನು ಓದಿದ ಪುಸ್ತಕದ ಪದವನ್ನು ಯಂತ್ರದ ಬಾಯಲ್ಲಿ ಇಟ್ಟಿದ್ದಳು. ಯಂತ್ರ ಕೇಳಿದ್ದು ಗೋಡೆ ನೆಟ್ಟಗಿದೆಯೇ ಅನ್ನುವ ಅರ್ಥದಲ್ಲಿ. ಕಲ್ಲವ್ವ ಉತ್ತರಿಸಿದ್ದು ಜೀವ ನೆಟ್ಟಗಿದೆಯೇ ಅನ್ನುವುದಕ್ಕೆ.

ಎಲ್ಲವನ್ನೂ ಬಿಡಿಸಿ ಹೇಳಿದಳು. ಪಟ್ಟಿ ಹಾಕಿದವರೆಲ್ಲರ ಎಡಹೆಗಲ ಮೇಲೂ ಈಗ ನಿಮ್ಮವರ ಕೈ ಇದೆ ಎಂದಳು. ಮುದುಕಿ ಮೊದಲು ಬೆರಗಾದಳು, ಆಮೇಲೆ ಖುಷಿಪಟ್ಟಳು, ಆಮೇಲೆ ಗುರುತಿಲ್ಲದ ಮಂದಿಯ ನಡುವೆ ಅವರಿಗೆ ಸಂಕೋಚ ಆಗುತ್ತದಲ್ಲ ಎಂದು ಚಿಂತೆಗೆ ಬಿದ್ದಳು. ಫಕ್ಕೀರೇಶ ಕಂಬದ ಮೇಲೆ ಬೆಲ್ಟ್ ಬಿಚ್ಚಿದ್ದನ್ನು ಹೇಳಿದಾಗ ಎಡಹೆಗಲು ಸವರುತ್ತಿದ್ದ ಅವಳ ಕೈ ನಿಂತಿತು. ನೀವು ಇಳಿಸಿದರೆ ಎಲ್ಲರಿಂದಲೂ ಇಳಿಯುತ್ತದೆ, ಗೆರೆ ನಿಮ್ಮ ಮಾತನ್ನೇ ಕೇಳುತ್ತದೆ ಎಂದಳು ನೀಲಾ. ಆಮೇಲೆ ತಡೆಯಲಾಗದೆ ಅತ್ತುಬಿಟ್ಟಳು. ನನ್ನ ಗಂಡನನ್ನು ಉಳಿಸಲು ನಿಮ್ಮ ಗಂಡನನ್ನು ಬಿಡಿ ಅನ್ನುವ ಬಾಯಿ ನನ್ನದು, ನನಗೇ ನಾಚಿಕೆಯಾಗುತ್ತದೆ ಅಂದಳು.

ಆಸ್ಪತ್ರೆಯಲ್ಲಿ ಕಲ್ಲವ್ವನ ಗಂಡ ತೀರಿಕೊಂಡದ್ದು ಬಟ್ಟೆಯ ಪರದೆಯ ಆಚೆ. ಇವಳನ್ನು ಒಳಗೆ ಬಿಟ್ಟಿರಲಿಲ್ಲ.

‘ಕಣ್ಣಿಲ್ಲದವರನ್ನ ಬಯಲಾಗ ಬಿಡಬಾರದವ್ವಾ. ಗ್ವಾಡಿಗೆ ಕೈ ಹಚ್ಚಿ, ಹೇಳಿ ಬಿಡಬೇಕು. ಅವರನ್ನ ಹಂಗ ಬಿಡಾಕ ನನಗ ಯಾರೂ ಬಿಡಲಿಲ್ಲ’ ಅಂದಳು. ಸ್ವಲ್ಪ ತಡೆದು, ‘ನಿಮ್ಮ ಹಾಲಿನ ಗ್ವಾಡಿ ಎಂಥಾದ್ದೈತಿ?’ ಎಂದು ಕೇಳಿದಳು.

ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕರೆಸಿದರು. ಫಕ್ಕೀರೇಶನೂ ಬಂದ. ಕಳೆದ ಎರಡು ದಿನಗಳಲ್ಲಿ ಭಾರ ಇನ್ನೂ ಹೆಚ್ಚಿ ಎಲ್ಲರೂ ಸೊಟ್ಟಗಾಗಿದ್ದರು. ಶೆಟ್ಟರು ಹಣೆಗೆ ಪಟ್ಟಿ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದರು. ಇಮ್ತಿಯಾಜ್ ಗಾಜಿನಾಚೆ ಪರದೆಯ ಮುಂದೆ ಕೂತ. ಕಲ್ಲವ್ವ ಹಾಲಿನ ನಡುವಿನಿಂದ ಹೊರಟಳು. ಅವಳು ಒಂದು ಹೆಜ್ಜೆ ಇಟ್ಟರೆ ಎಲ್ಲರ ಎಡಹೆಗಲೂ ಅಷ್ಟು ಅಲುಗುತ್ತಿತ್ತು.

ಎಡಗೋಡೆಯ ಹತ್ತಿರ ಬಂದು ಅಂಗೈಯಿಂದ ಸವರಿ ನೋಡಿದಳು. ಮೊಳೆ ಇತ್ತು, ಬೇಡವೆಂದು ಮುಂದೆ ಸರಿದಳು. ಕಿಟಕಿಯ ಪಕ್ಕ ನಿಂತು, ಕದ ಗಾಳಿಗೆ ಬಡಿದರೆ ತಲೆಗೆ ತಾಗುತ್ತದೆ ಎಂದು ಅದನ್ನೂ ಬಿಟ್ಟಳು. ಮೂಲೆಯ ಹತ್ತಿರ ಬಿಸಿಲಿಲ್ಲದ, ತಂಪಾದ ಜಾಗ ಮನಸ್ಸಿಗೆ ಬಂತು. ಹೆಗಲ ಮೇಲಿಂದ ಏನನ್ನೋ ಎರಡೂ ಕೈಯಲ್ಲಿ ಎತ್ತಿ, ಗೋಡೆಗೆ ಒತ್ತಿ, ಒತ್ತಿದ ಕೈ ತೆಗೆಯದೆ ನಿಂತಳು.

‘ಗ್ವಾಡಿ ಐತ್ರಿ. ಕೈ ಹಚ್ಚಿರಿ. ಇಲ್ಲೇ ನಿಂದರ್ರಿ, ಎಲ್ಲೂ ಹೋಗಬ್ಯಾಡ್ರಿ’ ಅಂದಳು. ಆಮೇಲೆ, ಮನೆಬಿಟ್ಟು ಹೊರಡುವವರು ನಮ್ಮ ಕಡೆ ಎಂದೂ ಹೋಗುತ್ತೇನೆ ಅನ್ನುವುದಿಲ್ಲವಲ್ಲ, ಅವಳೂ ಅನ್ನಲಿಲ್ಲ. ‘ಬರ್ತೀನ್ರಿ’ ಅಂದಳು.

ಕೈ ತೆಗೆದಳು. ಪರದೆಯ ಮೇಲೆ ಗೆರೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಏಳುತ್ತ ಬಂತು. ಯಾರೂ ಬೀಳಲಿಲ್ಲ. ಮಾಸ್ತರ ಬೆನ್ನು ನೆಟ್ಟಗಾಯಿತು, ಹುಡುಗಿಯ ಕುತ್ತಿಗೆ ನೆಟ್ಟಗಾಯಿತು. ಫಕ್ಕೀರೇಶ ಎಡಹೆಗಲನ್ನು ಕುಣಿಸಿ ನೋಡಿ, ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದ. ಎಷ್ಟೋ ದಿನಗಳ ಮೇಲೆ ಅವನು ಇಡೀ ಅವನಾಗಿದ್ದ. ನೀಲಾಳಿಗೆ ಓಡಿಹೋಗಿ ಅವನನ್ನು ಹಿಡಿದುಕೊಳ್ಳಬೇಕು ಅನ್ನಿಸಿತು.

ಓಡಲಿಲ್ಲ. ಕಲ್ಲವ್ವ ಗೋಡೆಯಿಂದ ಎರಡು ಹೆಜ್ಜೆ ಇಟ್ಟವಳು ತಟ್ಟನೆ ನಿಂತಿದ್ದಳು. ಆ ಹಾಲಿನಲ್ಲಿ ಎಲ್ಲರೂ ದಿನಬಳಕೆಯ ಚಪ್ಪಲಿ, ಬೂಟಿನಲ್ಲೇ ನಡೆಯುವುದು ವಾಡಿಕೆ. ಮುದುಕಿ ಬಗ್ಗಿ, ಒಂದೊಂದಾಗಿ ಎರಡೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ತುಟಿಯ ಮೇಲೆ ಬೆರಳಿಟ್ಟು ಎಲ್ಲರ ಕಡೆ ನೋಡಿದಳು. ಆಮೇಲೆ ಬರಿಗಾಲಲ್ಲಿ, ಸಪ್ಪಳವಾಗದ ಹಾಗೆ, ಬಾಗಿಲ ಕಡೆ ನಡೆದಳು. ಮುಖ ಪೂರ್ತಿ ಒದ್ದೆಯಾಗಿತ್ತು, ನಡಿಗೆ ನೆಟ್ಟಗಿತ್ತು.

ಫಕ್ಕೀರೇಶ ಕೂತು ಬೂಟಿನ ಲೇಸು ಬಿಚ್ಚಿದ. ಶೆಟ್ಟರು ಚಪ್ಪಲಿ ಕಳಚಿದರು, ಹುಡುಗಿಯೂ ಮಾಸ್ತರೂ ಕಳಚಿದರು. ಇಮ್ತಿಯಾಜ್ ಕಂಟ್ರೋಲ್ ರೂಮಿನಿಂದ ತುದಿಗಾಲಲ್ಲಿ ಬಂದ. ಒಬ್ಬರ ಹಿಂದೊಬ್ಬರು, ಉಸಿರು ಬಿಗಿಹಿಡಿದು, ಎಲ್ಲರೂ ಹೊರಗೆ ಹೋದರು. ಕೊನೆಗೆ ಉಳಿದವಳು ನೀಲಾ. ಅವಳು ಒಂದು ದಿನವೂ ಪಟ್ಟಿ ಹಾಕಿಕೊಂಡವಳಲ್ಲ. ಆದರೂ ಷೂಗಳನ್ನು ಎದೆಗವಚಿಕೊಂಡು, ಆ ಮೂಲೆಯ ಕಡೆ ನೋಡದೆ, ಗಾಳಿಯಷ್ಟೂ ಸದ್ದು ಮಾಡದೆ ಹೊಸ್ತಿಲು ದಾಟಿದಳು. ಬಾಗಿಲನ್ನು ಮುಂದಕ್ಕೆ ಎಳೆದುಕೊಂಡಳು, ಚಿಲಕ ಮಾತ್ರ ಹಾಕಲಿಲ್ಲ.